ಬಸುರಿಯೊಡನೆ ನಾಲ್ಕು ಹೆಜ್ಜೆ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿನಿಯೊಬ್ಬಳಿಂದ)

ನನ್ನ ಊರು ದೋರನಹಳ್ಳಿ. ಕನ್ನಡ ನಾಡಿನಲ್ಲಿ ಈ ಹೆಸರಿನ ಊರು ಒಂದೇ ಅಲ್ಲ. ಮೈಸೂರು ಸೀಮೆಯಲ್ಲಿ ಕೃಷ್ಣರಾಜನಗರದ ಹತ್ತಿರ ಇರುವ ದೋರನಹಳ್ಳಿ ಸಂತ ಅಂತೋಣಿಯವರ ಪುಣ್ಯಕ್ಷೇತ್ರವೆಂದು ಪ್ರಸಿದ್ಧವಾದುದು. ಹೊಲ ಉಳುತ್ತಿದ್ದ ಒಕ್ಕಲಿಗನಿಗೆ ಮಣ್ಣಿನಲ್ಲಿ ಸಂತರ ವಿಗ್ರಹ ದೊರೆಯಿತೆಂಬುದು ಅಲ್ಲಿಯ ಐತಿಹ್ಯ. ಜೂನ್ 13ರ ಹಬ್ಬಕ್ಕೆ ಜಾತಿಮತಗಳ ಎಣಿಕೆಯಿಲ್ಲದೆ ಜನ ನೆರೆಯುತ್ತಾರೆ. 2019ರಲ್ಲಿ ರೋಮಿನಿಂದ ಆ ದೇವಾಲಯಕ್ಕೆ ಬೆಸಿಲಿಕಾ ಎಂಬ ಪದವಿಯೂ ಬಂದಿತು. ನಮ್ಮ ದೋರನಹಳ್ಳಿಗೆ ಇಂಥ ಕೀರ್ತಿಯಿಲ್ಲ. ನಮ್ಮದು ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನದು. ಹತ್ತಿ, ತೊಗರಿ, ಜೋಳ ಬೆಳೆಯುವ ಭೂಮಿ. ಕಾಲುವೆಯ ನೀರು ಹರಿದಲ್ಲಿ ಭತ್ತ. ಮಳೆ ಕೈಕೊಟ್ಟ ವರ್ಷ ಬೆಂಗಳೂರಿಗೋ ಮುಂಬಯಿಗೋ ಗುಳೆ ಹೋಗುವ ಜನ.

ನಾನು ಕಾಲೇಜಿಗೆ ಸೇರಿದ ಮೊದಲ ವಾರದಲ್ಲಿ, ತಂದೆಗೆ ಇತ್ತ ಕಡೆ ವರ್ಗವಾದುದರಿಂದ ಮೈಸೂರಿನಿಂದ ಬಂದಿದ್ದ ಸಹಪಾಠಿಯೊಬ್ಬಳು ನನ್ನ ಊರ ಹೆಸರು ಕೇಳಿದವಳೇ ಭಕ್ತಿಯಿಂದ ಎರಡೂ ಕೈ ಜೋಡಿಸಿದಳು. ಆಕೆ ಕಥೋಲಿಕ ಕ್ರೈಸ್ತಳು. ಆಕೆ ಹುಟ್ಟುವ ಮೊದಲು ತಾಯಿ ಆ ದೋರನಹಳ್ಳಿಗೆ ಹರಕೆ ಹೊತ್ತಿದ್ದಳಂತೆ. "ನೀನು ಮುಗಿದ ಕೈ ಮುನ್ನೂರು ಮೈಲಿ ಆಚೆಯ ಊರಿಗೆ ಸಲ್ಲಬೇಕಾದುದು" ಎಂದು ನಾನು ನಕ್ಕೆ. ಆ ನಗೆಯಿಂದ ಸ್ನೇಹ ಬೆಳೆಯಿತು; ಸ್ನೇಹದಿಂದ ನಾನು ಆಕೆಯ ಧರ್ಮಕೇಂದ್ರದ ಹೆಂಗಸರು ಹಿಡಿದ ಒಂದು ಕೆಲಸವನ್ನು ಹತ್ತಿರದಿಂದ ಕಾಣುವಂತಾಯಿತು. ಆ ಕೆಲಸದ ವಿಚಾರವಾಗಿ ನಾಲ್ಕು ಮಾತು ಬರೆಯುವುದೇ ಈ ಲೇಖನದ ಉದ್ದೇಶ.

ನಮ್ಮ ಭಾಗದಲ್ಲಿ ಕಥೋಲಿಕರ ಸಂಖ್ಯೆ ಬಹಳ ಕಡಿಮೆ. ಮುದಗಲ್ಲಿನ ಕ್ರೈಸ್ತ ಸಮುದಾಯ ಬಿಜಾಪುರದ ಆದಿಲಶಾಹಿಗಳ ಕಾಲದಷ್ಟು ಹಳೆಯದೆಂಬುದು ನಿಜ. ಆದರೆ ಕಲಬುರಗಿ, ಬೀದರ, ಯಾದಗಿರಿಗಳಿಗೆಂದು ಪ್ರತ್ಯೇಕ ಧರ್ಮಪ್ರಾಂತ್ಯ ಏರ್ಪಟ್ಟುದು 2005ರಲ್ಲಿ. ನನ್ನ ಗೆಳತಿಯ ದೇವಾಲಯಕ್ಕೆ ಸೇರಿದ ಮನೆಗಳನ್ನು ಒಂದು ಮಧ್ಯಾಹ್ನದಲ್ಲಿ ನಡೆದೇ ಸುತ್ತಿ ಬರಬಹುದು. ಇಷ್ಟು ಚಿಕ್ಕ ಸಮುದಾಯದ ನಾಲ್ವರು ಹೆಂಗಸರು—ಒಬ್ಬರು ನಿವೃತ್ತ ನರ್ಸು, ಒಬ್ಬರು ಶಾಲೆಯ ಉಪಾಧ್ಯಾಯಿನಿ, ಒಬ್ಬರು ಹೊಲಿಗೆ ಕೆಲಸದವರು, ಇನ್ನೊಬ್ಬರು ಮನೆವಾರ್ತೆಯವರು—ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ ಕಟ್ಟೆಯ ಮೇಲೆ ಕುಳಿತು, ಸುತ್ತಮುತ್ತ ಕಷ್ಟದಲ್ಲಿರುವ ಬಸುರಿಯರಿಗೆ ಏನಾದರೂ ನೆರವಾಗಬೇಕೆಂದು ನಿಶ್ಚಯಿಸಿದರು. ಬರೆಯಲು ಬರುವವಳೆಂದು ನನ್ನ ಗೆಳತಿಗೆ ಒಂದು ನೋಟುಬುಕ್ಕು ಕೊಟ್ಟರು. ಸಂಘಕ್ಕೆ ಹೆಸರಿಲ್ಲ, ಫಲಕವಿಲ್ಲ, ಉದ್ಘಾಟನೆಯೂ ಇಲ್ಲ.

ಏನು ಕೊಡಬೇಕೆಂಬ ಮಾತು ಮೊದಲು ಬಂದಿತು. ಒಬ್ಬರು ಸೀರೆ ಎಂದರು, ಒಬ್ಬರು ಕೂಸಿನ ಬಟ್ಟೆ ಎಂದರು, ಒಬ್ಬರು ಹಣವೆಂದರು. ನಿವೃತ್ತ ನರ್ಸಮ್ಮನವರು ಮಾತ್ರ, "ಕೊಡೋದು ಆಮ್ಯಾಲ ನೋಡಾಮು. ಊರಾಗ ಮೊದಲ ಏನೇನದ ಅಂಬೋದು ಬರಕೊಳ್ರಿ" ಎಂದರಂತೆ. ದೊಡ್ಡ ದೇಶಗಳಲ್ಲಿಯೂ ಇದೇ ಕ್ರಮವಂತೆ. 2020ರಲ್ಲಿ ಅಮೆರಿಕೆಯ ಕಥೋಲಿಕ ಬಿಷಪ್ಪರು ಪ್ರತಿಯೊಂದು ಧರ್ಮಕೇಂದ್ರವೂ ಕಷ್ಟದಲ್ಲಿರುವ ಬಸುರಿಯರ ಜೊತೆಗಾರನಾಗಬೇಕೆಂದು ಕರೆಯಿತ್ತಾಗ, ಸುತ್ತಲಿನಲ್ಲಿ ಯಾವ ಯಾವ ನೆರವು ಈಗಾಗಲೇ ಇದೆಯೆಂದು ಪಟ್ಟಿಮಾಡುವುದನ್ನೇ ಮುಖ್ಯ ಕೆಲಸವಾಗಿ ಹೇಳಿದ್ದರೆಂದು ಗೆಳತಿ ತಿಳಿಸಿದಳು.

ಒಂದು ತಿಂಗಳಲ್ಲಿ ನೋಟುಬುಕ್ಕಿನ ಎಂಟು ಪುಟ ತುಂಬಿದವು. ಮನೆಮನೆಗೆ ಬರುವ ಆಶಾ ಕಾರ್ಯಕರ್ತೆ, ತಾಯಿ ಕಾರ್ಡು, ಆಸ್ಪತ್ರೆಯಲ್ಲಿ ಹೆತ್ತ ಬಡ ತಾಯಿಗೆ ಹಣ ಸಲ್ಲುವಂತೆ 2005ರಲ್ಲಿ ಆರಂಭವಾದ ಜನನಿ ಸುರಕ್ಷಾ ಯೋಜನೆ, ಕರೆದರೆ ಬರುವ 108ರ ಗಾಡಿ, ಅದು ನಮ್ಮ ರಾಜ್ಯಕ್ಕೆ ಬಂದುದು 2008ರಲ್ಲಿ, ಪ್ರತಿ ತಿಂಗಳ 9ನೆಯ ತಾರೀಖು ಬಸುರಿಯರನ್ನು ವೈದ್ಯರೇ ಪುಕ್ಕಟೆಯಾಗಿ ಪರೀಕ್ಷಿಸುವ 2016ರ ಏರ್ಪಾಡು, ಮೊದಲ ಬಸಿರಿಗೆ 5000 ರೂಪಾಯಿ ಸಲ್ಲಿಸುವ 2017ರ ಮಾತೃವಂದನಾ ಯೋಜನೆ, ಅದೇ ವರ್ಷದ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಜಾರಿಗೆ ಬಂದ, ಅಂಗನವಾಡಿಯಲ್ಲಿ ಬಸುರಿ ಬಾಣಂತಿಯರಿಗೆ ಬಿಸಿಯೂಟ ನೀಡುವ ಮಾತೃಪೂರ್ಣ. ಪಟ್ಟಿ ಓದಿ ಮುಗಿಸಿದ ಮೇಲೆ ಹೊಲಿಗೆಯಮ್ಮನವರು, "ಹಂಗಾದ್ರ ನಮಗೇನು ಉಳೀತ್ರಿ?" ಎಂದು ಕೇಳಿದರಂತೆ.

ಕೇಳತಕ್ಕ ಪ್ರಶ್ನೆಯೇ. ಈ ಏರ್ಪಾಡುಗಳಿಂದ ದೊಡ್ಡ ಉಪಕಾರವಾಗಿದೆಯೆಂಬುದರಲ್ಲಿ ಸಂದೇಹವಿಲ್ಲ. 2001–03ರ ಲೆಕ್ಕದಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಹೆರಿಗೆಗೆ 228 ತಾಯಂದಿರು ಸಾಯುತ್ತಿದ್ದರು. 2018–20ರ ಲೆಕ್ಕದಲ್ಲಿ ಅದು 69ಕ್ಕೆ ಇಳಿದಿದೆ. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಈ ದೇಶದ ಬಸುರಿಯರ ಪೈಕಿ ನೂರಕ್ಕೆ 52 ಮಂದಿ ರಕ್ತಹೀನರೆಂದು ಕಂಡುಬಂದಿದೆ. ಕಬ್ಬಿಣದ ಗುಳಿಗೆ ಪುಕ್ಕಟೆ ಸಿಗುವ ದೇಶದಲ್ಲಿ ಇದು ಹೇಗೆ? ಸರಕಾರದ ನೆರವು ಬಾಗಿಲವರೆಗೆ ಬರುತ್ತದೆ. ಹೊಸ್ತಿಲ ಒಳಗೆ ಏನು ನಡೆಯುತ್ತದೆಂಬುದು ಯಾವ ಕಾಗದದಲ್ಲಿಯೂ ಇರುವುದಿಲ್ಲ.

ಹೊಸ್ತಿಲ ಒಳಗಿನ ವಿಚಾರವನ್ನು ನಮ್ಮ ಹಿರಿಯರು ಅರಿಯದವರಾಗಿರಲಿಲ್ಲ. ನಮ್ಮ ಕಡೆ ಚೊಚ್ಚಲ ಬಸುರಿಗೆ ಕುಬಸ ಮಾಡುವ ಪದ್ಧತಿಯನ್ನು ವಾಚಕರು ಬಲ್ಲರು. ತವರಿನವರು ಹಸಿರು ಸೀರೆ, ಹಸಿರು ಬಳೆ, ಬಗೆಬಗೆಯ ಬುತ್ತಿ ತರುತ್ತಾರೆ. ಓಣಿಯ ಹೆಂಗಸರೆಲ್ಲ ಸೇರಿ ಉಡಿ ತುಂಬಿ ಆರತಿ ಬೆಳಗುತ್ತಾರೆ. ಏನು ತಿನ್ನಲು ಮನಸ್ಸಾಗಿದೆಯೆಂದು ಎಲ್ಲರೂ ಕೇಳುತ್ತಾರೆ. ಹೊರಗಿನವರಿಗೆ ಇದು ಬರಿಯ ಸಡಗರವೆಂದು ತೋರಬಹುದು. ವಿಚಾರ ಮಾಡಿದರೆ, 'ಈಕೆ ಒಬ್ಬಳೇ ಅಲ್ಲ, ಈಕೆಯ ಹಿಂದೆ ಇಷ್ಟು ಜನ ಇದ್ದೇವೆ' ಎಂದು ಗಂಡನ ಮನೆಗೆ ತಿಳಿಸುವ ಉಪಾಯ ಇದರಲ್ಲಿದೆ. 2022ರ ಫೆಬ್ರವರಿಯಲ್ಲಿ ನಮ್ಮ ಊರಿನಲ್ಲಿಯೇ ಇಂಥದೊಂದು ಸೀಮಂತದ ಮನೆಯಲ್ಲಿ ಗ್ಯಾಸಿನ ಸಿಲಿಂಡರು ಸಿಡಿದು, ಹರಸಲು ಬಂದವರಲ್ಲಿ ಹಲವರು ಸುಟ್ಟ ಗಾಯಗಳಿಂದ ತೀರಿಕೊಂಡರು. ಆ ದುಃಖ ಊರು ಮರೆಯುವಂಥದಲ್ಲ. ಒಬ್ಬ ಹೆಣ್ಣುಮಗಳ ಬಸಿರಿಗೆ ಎಷ್ಟು ಮನೆಗಳು ನಂಟಾಗಿರುತ್ತವೆಂಬುದನ್ನು ನಾವು ಅಂದು ಅಳುತ್ತ ಕಂಡೆವು.

ಹಾಗಾದರೆ ಕುಬಸವೇ ಆಗದವರು? ಮನೆಯವರ ಮಾತು ಮೀರಿ ಮದುವೆಯಾದವಳು, ತಾಯಿ ಇಲ್ಲದವಳು, ಗಂಡ ಗುಳೆ ಹೋಗಿ ಸುದ್ದಿಯಿಲ್ಲದವಳು, ಮೂರನೆಯದೋ ನಾಲ್ಕನೆಯದೋ ಬಸಿರೆಂದು ಯಾರೂ ತಿರುಗಿ ನೋಡದವಳು—ಇವರ ಹಿಂದೆ ಯಾರಿದ್ದಾರೆ? ನಾಲ್ವರು ಹೆಂಗಸರು ತಮಗೆ ಉಳಿದ ಕೆಲಸವನ್ನು ಇಲ್ಲಿ ಕಂಡುಕೊಂಡರು. ಅವರಿಗೆ ದಾರಿ ತೋರಿದ್ದು ಅವರದೇ ಗ್ರಂಥದ ಒಂದು ಪ್ರಸಂಗ. ಸಂತ ಲೂಕರ ಶುಭಸಂದೇಶದಲ್ಲಿ ಮರಿಯಮ್ಮ ತಾನೇ ಬಸುರಿಯಾಗಿದ್ದೂ, ಮುಪ್ಪಿನಲ್ಲಿ ಬಸುರಾದ ಬಂಧು ಎಲಿಜಬೇತಮ್ಮನ ಮನೆಗೆ ಬೆಟ್ಟದ ದಾರಿ ನಡೆದು ಹೋಗಿ ಸುಮಾರು ಮೂರು ತಿಂಗಳು ಅಲ್ಲಿ ಇದ್ದಳೆಂದಿದೆ. ಏನನ್ನು ಹೊತ್ತುಕೊಂಡು ಹೋದಳೆಂದು ಅಲ್ಲಿ ಹೇಳಿಲ್ಲ; ಹೋದಳು, ಇದ್ದಳು ಎಂದಷ್ಟೇ ಹೇಳಿದೆ.

ಇಷ್ಟಾದರೂ ಹೆರಿಗೆಯ ಕೋಣೆಯೊಳಗೆ ಕಾಲಿಡಲು ಕಥೋಲಿಕ ಧರ್ಮಸಭೆಗೇ ಬಹುಕಾಲ ಹಿಡಿಯಿತೆಂಬ ಸಂಗತಿಯನ್ನು ನಿವೃತ್ತ ನರ್ಸಮ್ಮನವರು ನನಗೆ ಹೇಳಿದರು. ಕೇಳಿ ನನಗೆ ಆಶ್ಚರ್ಯವಾಯಿತು. ಕನ್ಯಾಸ್ತ್ರೀಯರು ರೋಗಿಗಳ ಆರೈಕೆ ಮಾಡಬಹುದಾಗಿತ್ತು. ಬೆಂಗಳೂರಿನ ಸಂತ ಮಾರ್ತರ ಆಸ್ಪತ್ರೆಯನ್ನು 1886ರಲ್ಲಿ ಆರಂಭಿಸಿದವರು ಅವರೇ. ಆದರೆ ಹೆರಿಗೆ ಮಾಡಿಸುವುದು ಅವರ ವ್ರತಕ್ಕೆ ಸಲ್ಲದೆಂದು ಧರ್ಮಸಭೆಯ ಕಟ್ಟಳೆಯಿತ್ತು. ಆಗ್ನೆಸ್ ಮೆಕ್‌ಲಾರೆನ್ ಎಂಬ ಸ್ಕಾಟ್ಲೆಂಡಿನ ವೈದ್ಯೆ, ರಾವಲ್ಪಿಂಡಿಯ ಕಡೆಯ ಘೋಷಾ ಹೆಂಗಸರು ಗಂಡಸು ವೈದ್ಯರೆದುರು ಬರಲಾರದೆ ಸಾಯುತ್ತಿದ್ದುದನ್ನು ಅರಿತು, ಅಲ್ಲಿ ಹೆಂಗಸರ ಆಸ್ಪತ್ರೆಯಾಗಲು ಕಾರಣರಾದರು. ಈ ಕಟ್ಟಳೆಯನ್ನು ಸಡಿಲಿಸಬೇಕೆಂದು ಮುಪ್ಪಿನಲ್ಲಿ ಹಲವು ಸಲ ರೋಮಿಗೆ ಬಿನ್ನವಿಸಿಕೊಂಡು, ಫಲ ಕಾಣದೆ 1913ರಲ್ಲಿ ತೀರಿಹೋದರು. ಅವರೊಡನೆ ಪತ್ರವ್ಯವಹಾರವಿದ್ದ ಅನ್ನಾ ಡೆಂಗೆಲ್ ಎಂಬ ಆಸ್ಟ್ರಿಯಾದ ತರುಣಿ ವೈದ್ಯ ಕಲಿತು 1920ರಲ್ಲಿ ರಾವಲ್ಪಿಂಡಿಗೆ ಬಂದರು. 1925ರಲ್ಲಿ ವೈದ್ಯಸೇವೆಗೆಂದೇ ಹೆಂಗಸರ ಸಂಘವೊಂದನ್ನು ಕಟ್ಟಿದರು. ಕೊನೆಗೆ 1936ರಲ್ಲಿ ರೋಮ್ ಒಪ್ಪಿತು. ಆಸ್ಟ್ರೇಲಿಯಾದ ವೈದ್ಯೆ ಮೇರಿ ಗ್ಲೌರಿಯವರು ಮಾತ್ರ ಪೋಪರ ವಿಶೇಷ ಅಪ್ಪಣೆ ಪಡೆದು 1920ರಲ್ಲಿಯೇ ಗುಂಟೂರಿಗೆ ಬಂದು ಸನ್ಯಾಸಿನಿಯಾಗಿದ್ದುಕೊಂಡೇ ವೈದ್ಯವೃತ್ತಿ ನಡೆಸಿದ್ದರು.

ಈ ಕಥೆಯನ್ನು ಪರಮತದ ದೂಷಣೆಗೆಂದು ಬರೆದಿಲ್ಲ. ಸೂತಕ, ಮೈಲಿಗೆ ಎಂದು ಹೆರಿಗೆಯ ಕೋಣೆಯನ್ನು ಹೊರಗಿಟ್ಟವರು ನಾವೇನು ಕಡಿಮೆ? ಸಾವಿರಾರು ಕೂಸುಗಳನ್ನು ಭೂಮಿಗೆ ತಂದ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ ಪದ್ಮಶ್ರೀ ಬಂದುದು 2018ರಲ್ಲಿ. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಎಲ್ಲ ಮತಗಳಲ್ಲಿಯೂ ಬಸಿರನ್ನು ಹಾಡಿ ಹೊಗಳುವವರು ಬಹಳ. ಒಳಗೆ ಹೋಗಿ ಕೈ ಹಿಡಿಯುವವರು ಕೆಲವರು.

ಇನ್ನು ನಮ್ಮ ಊರಿನ ಸಂಗತಿಗೆ ಬರುತ್ತೇನೆ. ಕಳೆದ ಬೇಸಿಗೆಯ ರಜೆಯಲ್ಲಿ ನಾನು ಗೆಳತಿಯನ್ನೂ ಇಬ್ಬರು ಹೆಂಗಸರನ್ನೂ ಮನೆಗೆ ಕರೆದೆ. ನಮ್ಮ ಓಣಿಯಲ್ಲಿ ಏಳು ತಿಂಗಳ ಬಸುರಿಯೊಬ್ಬಳಿದ್ದಳು. ಗಂಡ ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದ. ಮನೆಯಲ್ಲಿ ಅತ್ತೆ, ಮೂರು ವರ್ಷದ ಗಂಡು ಕೂಸು, ಒಂದು ಎಮ್ಮೆ. ತವರಿನಲ್ಲಿ ತಾಯಿ ಇಲ್ಲ. ಮುಖ ಬಿಳಚಿತ್ತು, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು.

ಅತ್ತೆ ನಮ್ಮನ್ನು ಒಳಗೆ ಕರೆಯಲಿಲ್ಲ. ಬಾಗಿಲಿಗೆ ಅಡ್ಡ ನಿಂತು, "ಯಾಕ್ರಿ ಬಾಯಿ, ನಮ್ಮ ಕುಲ ಕೆಡಿಸಾಕ ಬಂದೀರೇನು?" ಎಂದು ಕೇಳಿಯೇಬಿಟ್ಟಳು. ನನಗೆ ಮುಖ ಬೆಂಕಿಯಾಯಿತು. ನರ್ಸಮ್ಮನವರಿಗೆ ಏನೂ ಆಗಲಿಲ್ಲ. "ನೀವು ಕೇಳಿದ್ದು ಛಲೋ ಆತು ಆಯಿ. ಮನಸಿನಾಗ ಇಟ್ಕೊಂಡವ್ರ ಸಂಗಟ ಮಾತಾಡಾದು ಕಷ್ಟ" ಎಂದು ಅಲ್ಲಿಯೇ ಕಟ್ಟೆಯ ಮೇಲೆ ಕುಳಿತರು. ಕುಡಿಯಲು ನೀರು ಕೇಳಿದರು. ಆ ದಿನ ಎಮ್ಮೆಯ ವಿಚಾರ, ಮೊಣಕಾಲ ನೋವಿನ ವಿಚಾರವಲ್ಲದೆ ಬೇರೆ ಮಾತೇ ಬರಲಿಲ್ಲ. ಮೂರನೆಯ ಭೇಟಿಯಲ್ಲಿ ನಾವು ಹೊಸ್ತಿಲು ದಾಟಿದೆವು.

ಈ ಅನುಮಾನವನ್ನು ನಿರೀಕ್ಷಿಸಿಯೇ ಆ ಹೆಂಗಸರು ಕೆಲವು ನಿಯಮಗಳನ್ನು ನೋಟುಬುಕ್ಕಿನ ಮೊದಲ ಪುಟದಲ್ಲಿ ಬರೆದಿಟ್ಟಿದ್ದರು. ಯಾರ ಮನೆಗೂ ಒಬ್ಬರೇ ಹೋಗಬಾರದು, ಇಬ್ಬರು ಹೋಗಬೇಕು. 1833ರಲ್ಲಿ ಪ್ಯಾರಿಸಿನಲ್ಲಿ ಇಪ್ಪತ್ತು ವರ್ಷದ ವಿದ್ಯಾರ್ಥಿ ಫ್ರೆಡರಿಕ್ ಓಜಾನಾಮ್ ಗೆಳೆಯರೊಡನೆ ಕಟ್ಟಿದ ಸಂತ ವಿನ್ಸೆಂಟ್ ಡಿ ಪಾಲರ ಸಂಘದ ಸದಸ್ಯರು ಬಡವರ ಮನೆಗಳಿಗೆ ಇಬ್ಬಿಬ್ಬರಾಗಿ ಹೋಗುವ ರೂಢಿಯಿಂದ ಇದು ಬಂದುದಂತೆ. ಮನೆಯವರು ತಾವಾಗಿ ಕೇಳದ ಹೊರತು ಪ್ರಾರ್ಥನೆಯ ಮಾತು ಎತ್ತಬಾರದು. ಮೊದಲ ಭೇಟಿಗೆ ಬರಿಗೈಯಲ್ಲಿ ಹೋಗಬೇಕು. ಹಣ ಕೊಡಬಾರದು, ಔಷಧ ಕೊಡಬಾರದು, ಅದು ಡಾಕ್ಟರ ಕೆಲಸ. ಒಂದು ಮನೆಯಲ್ಲಿ ಕೇಳಿದ್ದನ್ನು ಇನ್ನೊಂದು ಮನೆಯಲ್ಲಿ ಆಡಬಾರದು. ಆಶಾ ಕಾರ್ಯಕರ್ತೆಗೆ ತಿಳಿಸದೆ ಯಾವ ಕೆಲಸವನ್ನೂ ಮಾಡಬಾರದು. ನನಗೆ ಎಲ್ಲಕ್ಕಿಂತ ಕಠಿಣವೆಂದು ತೋರಿದ್ದು ಮೂರನೆಯದು: ಬರಿಗೈಯಲ್ಲಿ ಹೋದವರಿಗೆ ಕೇಳುವುದಲ್ಲದೆ ಬೇರೆ ಗತಿಯಿಲ್ಲ.

ಕೇಳಿದಾಗ ತಿಳಿದುಬಂದುದು ಇಷ್ಟು. ಸೊಸೆಯ ತಾಯಿ ಕಾರ್ಡು ಇತ್ತು. ಗುಳಿಗೆಗಳೂ ಇದ್ದವು, ಗೋಡೆಯ ಗೂಡಿನಲ್ಲಿ, ಹಾಳೆ ಒಡೆಯದೆ. ಗುಳಿಗೆ ನುಂಗಿದರೆ ಕೂಸು ದೊಡ್ಡದಾಗಿ ಬೆಳೆದು ಹೆರಿಗೆ ಕಷ್ಟವಾಗುತ್ತದೆಂದು ಅತ್ತೆಯ ಅಂಜಿಕೆ. ನುಂಗಿದ ಎರಡು ದಿನ ಮಲ ಕಪ್ಪಾದುದನ್ನು ಕಂಡು ಸೊಸೆಗೂ ಅಂಜಿಕೆ. ನರ್ಸಮ್ಮನವರು ಬೈಯಲಿಲ್ಲ. ಕಬ್ಬಿಣದ ಗುಣವೇ ಹಾಗೆಂದೂ, ರಾತ್ರಿ ಊಟವಾದ ಮೇಲೆ ನುಂಗಬೇಕೆಂದೂ, ಗುಳಿಗೆಯ ಮೇಲೆ ಚಹ ಕುಡಿಯಬಾರದೆಂದೂ, ನಿಂಬೆಹಣ್ಣಿನ ಹುಳಿ ಇದ್ದರೆ ಒಳ್ಳೆಯದೆಂದೂ ಹೇಳಿದರು. ಕೂಸು ದೊಡ್ಡದಾಗುವುದಿಲ್ಲ, ತಾಯಿ ಗಟ್ಟಿಯಾಗುತ್ತಾಳೆಂದರು.

9ನೆಯ ತಾರೀಖಿನ ಪರೀಕ್ಷೆಗೆ ಏಕೆ ಹೋಗಿಲ್ಲವೆಂದು ಕೇಳಿದಾಗ ಸೊಸೆ ತಲೆ ತಗ್ಗಿಸಿ, "ಹುಡುಗನ್ನ ಯಾರು ನೋಡ್ಕೋತಾರ್ರಿ? ಎಮ್ಮಿ ಯಾರು ಹಿಂಡ್ತಾರ? ಅತ್ತಿಗಿ ಮೊಣಕಾಲ ಬ್ಯಾನಿ" ಎಂದಳು. ಅರ್ಥಶಾಸ್ತ್ರದ ತರಗತಿಯಲ್ಲಿ ನಾವು ಆರೋಗ್ಯ ವೆಚ್ಚ, ಮಾನವ ಅಭಿವೃದ್ಧಿ ಎಂದು ಪುಟಗಟ್ಟಲೆ ಬರೆಯುತ್ತೇವೆ. ಆಸ್ಪತ್ರೆಗೂ ಆ ಹೆಣ್ಣುಮಗಳಿಗೂ ನಡುವೆ ಇದ್ದುದು ಒಂದು ಮೂರು ವರ್ಷದ ಹುಡುಗ, ಒಂದು ಎಮ್ಮೆ! ನಮ್ಮ ಅವ್ವ ಇದನ್ನು ಕೇಳಿ, "ಇಷ್ಟಕ್ಕ ಕಾಲೇಜ ಕಲ್ತವ್ರು ಬೇಕಾಗಿತ್ತೇನ? ಹುಡುಗನ್ನ ನನ್ನ ಬಲ್ಲಿ ಬಿಡ್ರಿ, ಎಮ್ಮಿ ನಾ ಹಿಂಡತೀನಿ" ಎಂದಳು. ಎರಡು ಮನೆ ಆಚೆ ಇದ್ದೂ ಆಕೆಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲ.

ಮುಂದಿನ 9ರಂದು ಹೊರಟಾಗ ಅತ್ತೆಯೂ ಸೀರೆ ಬದಲಾಯಿಸಿ ಸಿದ್ಧಳಾಗಿ ನಿಂತಿದ್ದಳು. ಇಬ್ಬರು ಜೊತೆಗೆ ಹೋಗಬೇಕೆಂಬ ನಿಯಮದಲ್ಲಿ ಆ ದಿನ ಎರಡನೆಯವಳು ಆಕೆಯೇ. ರಕ್ತ ಪರೀಕ್ಷಿಸಿದರು, ಏಳೂವರೆ. ಬಸುರಿಗೆ ಹನ್ನೊಂದಿರಬೇಕು, ಏಳಕ್ಕಿಂತ ಕೆಳಗಿಳಿದರೆ ಅಪಾಯ. ಹೆರಿಗೆಯಲ್ಲಿ ರಕ್ತ ಸ್ವಲ್ಪ ಹೆಚ್ಚು ಹೋದರೂ ಇಂಥವಳ ದೇಹಕ್ಕೆ ತಡೆಯುವ ಶಕ್ತಿ ಇರುವುದಿಲ್ಲವೆಂದು ಡಾಕ್ಟರು ಅತ್ತೆಗೇ ನೇರವಾಗಿ ತಿಳಿಸಿ ಹೇಳಿದರು. ಆ ಮುದುಕಿ ಏನೂ ಮಾತಾಡದೆ ಸೊಸೆಯ ಬೆನ್ನ ಮೇಲೆ ಕೈಯಿಟ್ಟಳು. ಅಲ್ಲಿಂದ ಮುಂದೆ ಕಬ್ಬಿಣದ ಸತ್ವವನ್ನು ನರದ ಮೂಲಕ ಹಲವು ಸಲ ಕೊಟ್ಟರು. ಪ್ರತಿ ಸಲವೂ ಯಾರಾದರೂ ಇಬ್ಬರು ಜೊತೆಗೆ ಹೋದರು. ಒಂಬತ್ತು ತಿಂಗಳು ತುಂಬಿದಾಗ ರಕ್ತ ಹತ್ತರ ಹತ್ತಿರ ಬಂದಿತ್ತು. ಆಸ್ಪತ್ರೆಯಲ್ಲಿ ಹೆಣ್ಣು ಕೂಸು ಹುಟ್ಟಿತು. ಬಾಣಂತಿ ನರ್ಸಮ್ಮನವರನ್ನು ಕಂಡು ಮೆಲ್ಲಗೆ, "ನಿಮ್ಮ ದೇವ್ರ ಹೆಸರ ಇಡಬೇಕೇನ್ರಿ?" ಎಂದು ಕೇಳಿದಳು. ಅವರು ನಕ್ಕು, "ನಿಮ್ಮ ಮನಿದೇವ್ರ ಹೆಸರ ಇಡವ್ವಾ. ನಮ್ಮ ದೇವ್ರು ಏನೂ ಅನ್ಕೊಳ್ಳಾಂಗಿಲ್ಲ" ಎಂದರು.

ಎಲ್ಲ ಕಥೆಯೂ ಹೀಗೆ ಸುಖವಾಗಿ ಮುಗಿಯಿತೆಂದು ಹೇಳಲಾರೆ. ನಮ್ಮ ಊರಿನಲ್ಲಿ ಆ ರಜೆಯಲ್ಲಿ ನೋಟುಬುಕ್ಕಿಗೆ ಬಂದ ಹೆಸರು ಐದು. ಮೂವರಿಗೆ ಹೆರಿಗೆಯಾಗಿ ತಾಯಿ ಕೂಸು ಚೆನ್ನಾಗಿವೆ. ಒಬ್ಬಳ ಮನೆಯವರು ನಮ್ಮನ್ನು ಕೊನೆಯವರೆಗೂ ಒಳಗೆ ಬಿಡಲಿಲ್ಲ. ಅದು ಅವರ ಅಧಿಕಾರ. ಐದನೆಯವಳು ಎಂಟನೆಯ ತಿಂಗಳಲ್ಲಿ ಗಂಡನೊಡನೆ ಬೆಂಗಳೂರಿಗೆ ಗುಳೆ ಹೊರಟುಹೋದಳು. ಅವಳ ಫೋನು ಹತ್ತಲಿಲ್ಲ. ಕಟ್ಟಡ ಯಾವುದು, ಬಡಾವಣೆ ಯಾವುದು, ಊರಿನಲ್ಲಿ ಯಾರಿಗೂ ಗೊತ್ತಿಲ್ಲ. ಅವಳ ಹೆಸರಿನ ಮುಂದಿನ ಜಾಗ ಇಂದಿಗೂ ಖಾಲಿಯಿದೆ. ಗೆಳತಿ ಅದನ್ನು ಹೊಡೆದುಹಾಕಲು ಒಪ್ಪಿಲ್ಲ. ಆಮೇಲಿಂದ ಅವರು ಹೊಸ ನಿಯಮವೊಂದನ್ನು ಸೇರಿಸಿದ್ದಾರೆ: ಗುಳೆ ಹೋಗುವ ಬಸುರಿ ತಾಯಿ ಕಾರ್ಡನ್ನು ಪೆಟ್ಟಿಗೆಯ ತಳದಲ್ಲಿಡದೆ ಕೈಚೀಲದಲ್ಲಿಟ್ಟುಕೊಂಡಿದ್ದಾಳೆಯೇ, ಹೋಗುವ ಕಡೆಯ ಒಂದಾದರೂ ಗುರುತು ಹೇಳಿದ್ದಾಳೆಯೇ ಎಂದು ಕೇಳಿಯೇ ಬೀಳ್ಕೊಡಬೇಕು.

ಇಂಥ ಕೆಲಸಕ್ಕೆ ಕಥೋಲಿಕರೇ ಆಗಬೇಕೆಂದಿಲ್ಲ. ಅವರಿಗೆ ವಾರಕ್ಕೊಮ್ಮೆ ಒಂದೆಡೆ ಸೇರುವ ರೂಢಿಯಿದೆ. ಸೇರಿದವರಲ್ಲಿ ನಾಲ್ವರು ಉಳಿದು ಮಾತಾಡಿದರು. ನಮಗೂ ಸೇರುವ ಜಾಗಗಳಿಗೆ ಬರವಿಲ್ಲ—ಭಜನೆಯ ಮಂಡಳಿಗಳಿವೆ, ಮಠಗಳಿವೆ, ದರ್ಗಾಗಳಿವೆ, ಸ್ವಸಹಾಯ ಸಂಘಗಳಿವೆ. ನಮ್ಮ ಕಾಲೇಜಿನಲ್ಲಿಯೇ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳಾಗುತ್ತವೆ. ಶಿಬಿರದಲ್ಲಿ ನಾವು ರಸ್ತೆ ಗುಡಿಸುತ್ತೇವೆ, ಸಸಿ ನೆಡುತ್ತೇವೆ, ಒಳ್ಳೆಯದೇ. ಆದರೆ ಏಳು ದಿನದ ಶಿಬಿರಕ್ಕೂ ಒಂಬತ್ತು ತಿಂಗಳ ಬಸಿರಿಗೂ ಲೆಕ್ಕ ಕೂಡುವುದಿಲ್ಲ. ಇಲ್ಲಿ ಬೇಕಾದುದು ತಿಂಗಳಿಗೆ ಒಂದು ದಿನದಂತೆ ತಪ್ಪದೆ ಬರುವವರು.

ಹಾಗೆ ಬರುವವರಿಗೆ ನನ್ನದೊಂದು ವಿಜ್ಞಾಪನೆ. ಈ ಸಂಚಿಕೆ ನಿಮ್ಮ ಕೈಗೆ ಬರುವ ಹೊತ್ತಿಗೆ ರಜೆ ಹತ್ತಿರವಾಗಿರುತ್ತದೆ. ಊರಿಗೆ ಹೋದಾಗ ನಿಮ್ಮ ಓಣಿಯ ಆಶಾ ಕಾರ್ಯಕರ್ತೆಯ ಹೆಸರು ಕೇಳಿಕೊಳ್ಳಿರಿ. ಈ ತಿಂಗಳ 9ಕ್ಕೆ ಒಬ್ಬಳೇ ಹೋಗಬೇಕಾದ ಬಸುರಿ ಯಾರಾದರೂ ಇದ್ದಾರೆಯೇ ಎಂದು ಆಕೆಯನ್ನೇ ವಿಚಾರಿಸಿರಿ. ಗಂಡುಹುಡುಗರು ತಮ್ಮ ತಾಯಿಯನ್ನೋ ಅಕ್ಕನನ್ನೋ ಕಳಿಸಿ, ತಾವು ಕೂಸನ್ನು ನೋಡಿಕೊಳ್ಳಬಹುದು. ಎಮ್ಮೆ ಹಿಂಡಲು ಬರುವುದಾದರೆ ಇನ್ನೂ ಲೇಸು. ನಮ್ಮ ದೋರನಹಳ್ಳಿಯಲ್ಲಿ ಈಗ ಆರು ಮನೆಗಳ ಹೆಂಗಸರು ಸರದಿ ಹಾಕಿಕೊಂಡಿದ್ದಾರೆ. ಸರದಿಯ ಪಟ್ಟಿಯಲ್ಲಿ ಮೂರನೆಯ ಹೆಸರು ಆ ಮೊಣಕಾಲು ನೋವಿನ ಅತ್ತೆಯದು.